ಉಪಗ್ರಹ ಅಳೆಯುವ ಗಾಳಿ, ನಮ್ಮ ಹವಾಮಾನ ಮುನ್ಸೂಚನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಹತ್ತಿರ ಬಂತೆಂದರೆ ಇವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಕೆಲವು ಮಾತಿನ ನಡುವೆ ಕೇಳಿದ್ದು, ಕೆಲವು ಪತ್ರದಲ್ಲಿ ಬಂದದ್ದು, ಕೆಲವು ಜಗಳಕ್ಕೆಂದೇ ಕೇಳಿದ್ದು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವಂಥವು ಕೊನೆಗೆ. ಯಾವುದರಿಂದ ಬೇಕಾದರೂ ಓದಲು ಶುರು ಮಾಡಬಹುದು.

## ಬುಡದಿಂದ

ಗಾಳಿ ಕಣ್ಣಿಗೇ ಕಾಣಲ್ಲ. ಅಷ್ಟು ಮೇಲಿರೋ ಉಪಗ್ರಹ ಅದನ್ನ ಹೇಗೆ ಅಳೆಯುತ್ತೆ?

ಉಪಗ್ರಹಕ್ಕೂ ಗಾಳಿ ಕಾಣುವುದಿಲ್ಲ. ಗಾಳಿ ಏನನ್ನು ತಳ್ಳುತ್ತಿದೆಯೋ ಅದು ಕಾಣುತ್ತದೆ. ಇದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು, ಒಂದರ ಹಿಂದೊಂದು ತೆಗೆದ ಚಿತ್ರಗಳಲ್ಲಿ ಮೋಡ ಎಷ್ಟು ದೂರ ಸರಿಯಿತು ಎಂದು ನೋಡುವುದು. ಎರಡನೆಯದು, ಸಮುದ್ರದ ಮೇಲೆ ಗಾಳಿ ಎಬ್ಬಿಸುವ ಪುಟ್ಟ ಪುಟ್ಟ ತೆರೆಗಳಿಗೆ ರಾಡಾರ್ ಅಲೆ ಬಿಟ್ಟು, ಅದು ಎಷ್ಟು ವಾಪಸ್ ಬಂತು ಎಂದು ಅಳೆಯುವುದು. ಮೂರನೆಯದು, ಲೇಸರ್ ಬೆಳಕನ್ನು ಕೆಳಗೆ ಹಾಯಿಸಿ, ಗಾಳಿಯ ಅಣುಗಳಿಂದ ಮತ್ತು ಧೂಳಿನಿಂದ ಚದುರಿ ಬಂದ ಬೆಳಕಿನ ಬಣ್ಣ ಎಷ್ಟು ಬದಲಾಯಿತು ಎಂದು ಪತ್ತೆ ಮಾಡುವುದು.

ಮೊದಲನೆಯದಕ್ಕೆ ಮೋಡ ಬೇಕು. ಎರಡನೆಯದಕ್ಕೆ ಸಮುದ್ರ ಬೇಕು. ಮೂರನೆಯದಕ್ಕೆ ದಟ್ಟ ಮೋಡ ಇರಬಾರದು. ಹಾಗಾಗಿ ಎಲ್ಲ ಕಡೆಗೂ ಸಲ್ಲುವ ಒಂದೇ ದಾರಿ ಎಂಬುದು ಇಲ್ಲ.

ನಮಗೆ ಬೇಕಾಗಿರೋದು ಮಳೆ ಸುದ್ದಿ. ಗಾಳಿ ಸುದ್ದಿ ಕಟ್ಕೊಂಡು ಏನು ಮಾಡೋಣ?

ನಮ್ಮ ಮುಂಗಾರು ಮಳೆ ಬರುವುದೇ ಗಾಳಿಯ ಬೆನ್ನೇರಿ. ದಕ್ಷಿಣ ಹಿಂದೂ ಮಹಾಸಾಗರದಿಂದ ಹೊರಟ ಗಾಳಿ ಕೆನ್ಯಾ, ಸೊಮಾಲಿಯಾ ಕರಾವಳಿಯ ಹತ್ತಿರ ಸಮಭಾಜಕ ವೃತ್ತ ದಾಟಿ, ಬಲಕ್ಕೆ ತಿರುಗಿ, ಅರಬ್ಬಿ ಸಮುದ್ರದ ಮೇಲೆ ನಮ್ಮ ಕಡೆ ನುಗ್ಗುತ್ತದೆ. ಇದರ ಬಿರುಸು ಅತಿ ಹೆಚ್ಚು ಇರುವುದು ಸಮುದ್ರದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ. ಇದಕ್ಕೆ ಸೊಮಾಲಿ ಜೆಟ್ ಎನ್ನುತ್ತಾರೆ. 1960ರ ದಶಕದ ಕೊನೆಯಲ್ಲಿ ಇದನ್ನು ವಿವರವಾಗಿ ಗುರುತಿಸಿದ ಹವಾಮಾನ ತಜ್ಞರ ಹೆಸರಿನಲ್ಲಿ ಫಿಂಡ್ಲೇಟರ್ ಜೆಟ್ ಎಂದೂ ಕರೆಯುತ್ತಾರೆ.

ಈ ಗಾಳಿ ನೀರಾವಿಯನ್ನು ಹೊತ್ತು ತಂದು ಪಶ್ಚಿಮ ಘಟ್ಟಕ್ಕೆ ಬಡಿಯುತ್ತದೆ. ಮೇಲೇರಿ, ತಣ್ಣಗಾಗಿ, ಸುರಿಯುತ್ತದೆ. ಆಗುಂಬೆ, ಹುಲಿಕಲ್ ಕಡೆ ಎಷ್ಟು ಮಳೆ ಆಗುತ್ತದೆ ಎಂಬುದು ಗಾಳಿಯಲ್ಲಿ ಎಷ್ಟು ನೀರಿದೆ ಎಂಬುದರ ಮೇಲೆ ಮಾತ್ರ ನಿಂತಿಲ್ಲ. ಅದು ಎಷ್ಟು ವೇಗವಾಗಿ, ಯಾವ ಕೋನದಲ್ಲಿ ಘಟ್ಟಕ್ಕೆ ಬಡಿಯುತ್ತದೆ ಎಂಬುದರ ಮೇಲೂ ನಿಂತಿದೆ. ಅರಬ್ಬಿ ಸಮುದ್ರದ ಗಾಳಿಯನ್ನು ತಪ್ಪಾಗಿ ಅಂದಾಜು ಮಾಡಿದ ಮುನ್ಸೂಚನೆ ಘಟ್ಟದ ಮಳೆಯನ್ನೂ ತಪ್ಪಾಗಿಯೇ ಹೇಳುತ್ತದೆ.

ನೆಲದ ಮೇಲೆ ಹವಾಮಾನ ಕೇಂದ್ರಗಳಿವೆ, ಬಲೂನು ಬಿಡ್ತಾರೆ. ಅವು ಸಾಲಲ್ವಾ?

ಬಲೂನಿನ ಅಳತೆ ಇವತ್ತಿಗೂ ಬಹಳ ನಂಬಿಕಸ್ಥ. ದಿನಕ್ಕೆ ಎರಡು ಹೊತ್ತು, ನಮ್ಮ ಗಡಿಯಾರದಲ್ಲಿ ಬೆಳಗಿನ 5.30 ಮತ್ತು ಸಂಜೆಯ 5.30ರ ಅಳತೆಗೆಂದು, ಜಗತ್ತಿನಾದ್ಯಂತ ಬಲೂನು ಹಾರಿಸುತ್ತಾರೆ. ನಮ್ಮಲ್ಲಿ ಮಂಗಳೂರಿನ ಪಣಂಬೂರು ಮತ್ತು ಬೆಂಗಳೂರು ಈ ಜಾಲದಲ್ಲಿವೆ. ಬಲೂನು ಮೇಲೇರುತ್ತಾ ಗಾಳಿ, ಉಷ್ಣತೆ, ತೇವಾಂಶ ಮೂರನ್ನೂ ತಿಳಿಸುತ್ತದೆ.

ಆದರೆ ಪಣಂಬೂರಿನಿಂದ ಪಶ್ಚಿಮಕ್ಕೆ ನೋಡಿ. ಲಕ್ಷದ್ವೀಪ ಬಿಟ್ಟರೆ ಆಫ್ರಿಕಾದ ತನಕ ಬರೀ ನೀರು. ಬಲೂನು ಬಿಡಲು ಅಲ್ಲಿ ಯಾರಿದ್ದಾರೆ? ನಮ್ಮ ಮಳೆ ಹುಟ್ಟುವ ಜಾಗವೇ ಅಳತೆಯಿಲ್ಲದ ಜಾಗ. ಹಡಗುಗಳು ವರದಿ ಕೊಡುತ್ತವೆ, ಆದರೆ ತಮ್ಮ ಮಾಮೂಲು ದಾರಿಯಲ್ಲಿ ಮಾತ್ರ. ಚಂಡಮಾರುತ ಇದೆ ಅಂದರೆ ಅವೂ ಆ ಕಡೆ ಸುಳಿಯುವುದಿಲ್ಲ. ಭೂಮಿಯ ಮುಕ್ಕಾಲು ಪಾಲಿನಷ್ಟು ಸಮುದ್ರವೇ ಆದ್ದರಿಂದ ಈ ಖಾಲಿ ಜಾಗ ಸಣ್ಣದೇನಲ್ಲ.

ಮೊಬೈಲ್ ಆ್ಯಪಿನಲ್ಲಿ ಗಾಳಿ ಗೆರೆಗೆರೆಯಾಗಿ ಓಡೋದು ಕಾಣುತ್ತಲ್ಲ, ಅದು ಉಪಗ್ರಹದ್ದೇ ತಾನೆ?

ಅಲ್ಲ. ವಿಂಡಿಯಂಥ ಆ್ಯಪಿನಲ್ಲಿ ಚೆಂದವಾಗಿ ಓಡುವ ಆ ಗೆರೆಗಳು ಕಂಪ್ಯೂಟರ್ ಮಾದರಿ ಲೆಕ್ಕ ಹಾಕಿ ಕೊಟ್ಟವು. ಯಾವ ಮಾದರಿಯದ್ದು ಎಂದು ಆ್ಯಪಿನಲ್ಲೇ ಬರೆದಿರುತ್ತದೆ, ನಾವು ನೋಡುವುದಿಲ್ಲ ಅಷ್ಟೇ. ಒಂದೇ ಹೊತ್ತಿಗೆ ಎರಡು ಮಾದರಿ ಬದಲಿಸಿ ನೋಡಿ, ಚಂಡಮಾರುತದ ಕಣ್ಣು ಬೇರೆ ಬೇರೆ ಜಾಗದಲ್ಲಿ ಕಾಣಬಹುದು. ಉಪಗ್ರಹದ ಅಳತೆ ಆ ಲೆಕ್ಕದ ಒಳಗೆ ಸೇರಿರುತ್ತದೆ, ಆದರೆ ನಿಮ್ಮ ಪರದೆಯ ಮೇಲಿರುವುದು ಅಳತೆ ಅಲ್ಲ.

ನಿಜವಾದ ಅಳತೆಯನ್ನೇ ನೋಡಬೇಕೆಂದರೆ ಅಹಮದಾಬಾದಿನ ಇಸ್ರೋ ಕೇಂದ್ರ ನಡೆಸುವ ಮೊಸ್ಡ್ಯಾಕ್ ಎಂಬ ಅಂತರ್ಜಾಲ ತಾಣದಲ್ಲಿ ನಮ್ಮ ಇನ್ಸಾಟ್ ಉಪಗ್ರಹಗಳ ಚಿತ್ರಗಳೂ ಗಾಳಿಯ ನಕ್ಷೆಗಳೂ ಸಿಗುತ್ತವೆ. ಅಲ್ಲಿ ಖಾಲಿ ಜಾಗಗಳು ಬೇಕಾದಷ್ಟು ಕಾಣುತ್ತವೆ. ಅಳತೆ ಅಂದರೆ ಹಾಗೇ ಇರುತ್ತದೆ.

ಕೇರಳಕ್ಕೆ ಮುಂಗಾರು ಬಂತು ಅಂತ ಘೋಷಣೆ ಮಾಡ್ತಾರಲ್ಲ, ಅದು ಬರೀ ಮಳೆ ನೋಡಿ ತಾನೆ?

ಮಳೆ ಒಂದು ಭಾಗ. ಹವಾಮಾನ ಇಲಾಖೆ 14 ಕೇಂದ್ರಗಳನ್ನು ಗುರುತು ಮಾಡಿಕೊಂಡಿದೆ. ಮೇ 10ರ ನಂತರ ಅವುಗಳಲ್ಲಿ ಶೇ. 60ರಷ್ಟು ಕಡೆ ಸತತ ಎರಡು ದಿನ 2.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಮಳೆ ಬೀಳಬೇಕು. ಇವು ಎಲ್ಲವೂ ಕೇರಳದಲ್ಲಿಲ್ಲ. ಲಕ್ಷದ್ವೀಪದ ಮಿನಿಕಾಯ್, ಅಮಿನಿ ಇವೆ, ಪಟ್ಟಿಯ ಕೊನೆಯಲ್ಲಿ ನಮ್ಮ ಮಂಗಳೂರೂ ಇದೆ. ಮಂಗಳೂರಿನ ಮಳೆ ಕೇರಳದ ಲೆಕ್ಕಕ್ಕೆ ಹೋಗುತ್ತದೆ ಎಂದರೆ ಎಷ್ಟೋ ಜನ ನಂಬುವುದೇ ಇಲ್ಲ.

ಮಳೆ ಸಾಲದು, ಗಾಳಿಯೂ ಒಪ್ಪಬೇಕು. ಪಶ್ಚಿಮದ ಗಾಳಿ 600 ಹೆಕ್ಟೋಪಾಸ್ಕಲ್ ಮಟ್ಟದ ತನಕ, ಅಂದರೆ ನಾಲ್ಕು ಕಿಲೋಮೀಟರಿಗೂ ಜಾಸ್ತಿ ಎತ್ತರದವರೆಗೆ ತುಂಬಿರಬೇಕು. ಕೇರಳದ ತೆಂಕಣ ಸಮುದ್ರದಲ್ಲಿ ಗುರುತು ಮಾಡಿದ ಒಂದು ಚೌಕದಲ್ಲಿ, ಸಮುದ್ರಕ್ಕೆ ಹತ್ತಿರದ ಗಾಳಿ 15ರಿಂದ 20 ನಾಟ್, ಅಂದರೆ ಗಂಟೆಗೆ ಸುಮಾರು 28ರಿಂದ 37 ಕಿಲೋಮೀಟರ್ ವೇಗದಲ್ಲಿರಬೇಕು. ಈ ವೇಗ ತಿಳಿಯಲು ಉಪಗ್ರಹದ ಗಾಳಿಯನ್ನು ಬಳಸಬಹುದು ಎಂದು ನಿಯಮದಲ್ಲೇ ಇದೆ. ಇದರ ಜೊತೆ ಮೋಡ ಎಷ್ಟು ದಟ್ಟ ಎಂಬ ಇನ್ನೊಂದು ಅಳತೆ, ಅದೂ ಇನ್ಸಾಟ್‌ನದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯನ್ನು ಮುಂಗಾರು ಎಂದು ಭ್ರಮಿಸದಂತೆ ತಡೆಯುವುದು ಈ ಗಾಳಿಯ ಷರತ್ತು.

## ಅಳೆಯುವ ಬಗೆಗಳು

ಮೋಡ ಓಡೋದನ್ನ ನೋಡಿ ವೇಗ ಹೇಳೋದು ಸರಿ. ಮೋಡ ಗಾಳಿ ಜೊತೆ ಓಡದೇ ಇದ್ರೆ?

ಒಳ್ಳೆಯ ಅನುಮಾನ. ಬೆಟ್ಟದ ನೆತ್ತಿಯ ಮೇಲೆ ಕೂತ ಮೋಡ ಗಂಟೆಗಟ್ಟಲೆ ಅಲ್ಲೇ ಕಾಣುತ್ತದೆ, ಗಾಳಿ ಮಾತ್ರ ಅದರೊಳಗಿಂದ ಹಾದು ಹೋಗುತ್ತಿರುತ್ತದೆ. ಬೆಳೆಯುತ್ತಿರುವ ಗುಡುಗು ಮೋಡ ಪಕ್ಕಕ್ಕೆ ಹರಡಿದರೆ ಓಡಿದಂತೆ ಕಾಣುತ್ತದೆ. ಇಂಥವನ್ನು ಸಾಫ್ಟ್‌ವೇರ್ ಸೋಸಿ ತೆಗೆಯುತ್ತದೆ. ಮೂರು ಚಿತ್ರ ತೆಗೆದುಕೊಂಡು, ಮೊದಲೆರಡರಲ್ಲಿ ಸಿಕ್ಕ ವೇಗವೂ ಕೊನೆಯೆರಡರಲ್ಲಿ ಸಿಕ್ಕ ವೇಗವೂ ತಾಳೆ ಆಗುತ್ತದೆಯೇ ನೋಡುವುದು ಒಂದು ಉಪಾಯ.

ಈ ವಿದ್ಯೆ ಹಳೆಯದು. 1966ರ ಡಿಸೆಂಬರಿನಲ್ಲಿ ಅಮೆರಿಕ ಹಾರಿಸಿದ ಎಟಿಎಸ್-1 ಉಪಗ್ರಹ ಭೂಮಿಯ ಒಂದೇ ಮುಖವನ್ನು ಬಿಡದೆ ನೋಡುತ್ತಾ ಚಿತ್ರ ತೆಗೆಯಿತು. ಅದರ ಕ್ಯಾಮರಾ ಅಮೆರಿಕದ ವಿಜ್ಞಾನಿ ವರ್ನರ್ ಸುಯೋಮಿ ಅವರದು. ಚಿತ್ರಗಳನ್ನು ಜೋಡಿಸಿ ಓಡಿಸಿದಾಗ ಮೋಡಗಳು ನಡೆಯುವುದು ಮೊದಲ ಬಾರಿಗೆ ಕಂಡಿತು. ಆಗಿನಿಂದ ಉಪಾಯ ಅದೇ, ಯಂತ್ರ ಮಾತ್ರ ಚುರುಕಾಗಿದೆ. ನಮ್ಮಲ್ಲಿ ಇನ್ಸಾಟ್-3ಡಿ (2013), ಇನ್ಸಾಟ್-3ಡಿಆರ್ (2016), ಇನ್ಸಾಟ್-3ಡಿಎಸ್ (ಫೆಬ್ರವರಿ 2024) ಇದೇ ಕೆಲಸಕ್ಕೆ ಹಾರಿದವು. ಒಂದು ಉಪಗ್ರಹ ಅರ್ಧ ಗಂಟೆಗೊಂದು ಚಿತ್ರ ತೆಗೆಯುತ್ತದೆ. ಎರಡನ್ನು ಹಿಂದೆ ಮುಂದೆ ಓಡಿಸಿದರೆ ಕಾಲು ಗಂಟೆಗೊಂದು ಸಿಗುತ್ತದೆ. ಮೋಡವೇ ಇಲ್ಲದ ಕಡೆ ನೀರಾವಿಯ ಚಿತ್ರ ಕೆಲಸಕ್ಕೆ ಬರುತ್ತದೆ. ನೀರಾವಿಯ ದಟ್ಟ-ತೆಳು ಭಾಗಗಳೂ ಸರಿಯುತ್ತಿರುತ್ತವೆ.

ನಿಜವಾದ ತಲೆನೋವು ವೇಗದ್ದಲ್ಲ, ಎತ್ತರದ್ದು. ಈ ಮೋಡ ಎಷ್ಟು ಎತ್ತರದಲ್ಲಿದೆ? ಸಾಮಾನ್ಯವಾಗಿ ಮೋಡದ ತಲೆಯ ಉಷ್ಣತೆ ನೋಡಿ ಊಹಿಸುತ್ತಾರೆ. ತೆಳು ಮೋಡವಾದರೆ ಕೆಳಗಿನ ಬಿಸಿಯೂ ಬೆರೆತು ಲೆಕ್ಕ ಕೆಡುತ್ತದೆ. ಮುಂಗಾರಿನಲ್ಲಿ ಕೆಳಗೆ ಪಶ್ಚಿಮದ ಗಾಳಿ, 14-16 ಕಿಲೋಮೀಟರ್ ಮೇಲೆ ಪೂರ್ವದಿಂದ ಬಿರುಸಾದ ಗಾಳಿ. ಎತ್ತರ ತಪ್ಪಿದರೆ ವೇಗ ಎಷ್ಟು ಸರಿಯಿದ್ದರೂ ಆ ಅಳತೆ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ ಮಾಡುತ್ತದೆ.

ಹಾಸನದ ಎಂಸಿಎಫ್‌ನಲ್ಲಿ ಕೂತು ಹವಾಮಾನ ಹೇಳ್ತಾರಾ?

ಇಲ್ಲ. ಎಂಸಿಎಫ್ ಎಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ. ಅದರ ಕೆಲಸ ಇನ್ಸಾಟ್‌ನಂಥ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಸರಿಯಾಗಿ ನಿಲ್ಲಿಸುವುದು, ಆರೋಗ್ಯ ನೋಡಿಕೊಳ್ಳುವುದು. ಚಿತ್ರದಿಂದ ಗಾಳಿ ಲೆಕ್ಕ ಹಾಕುವುದು, ಮುನ್ಸೂಚನೆ ಕೊಡುವುದು ಹವಾಮಾನ ಇಲಾಖೆ. ಆದರೆ ಉಪಗ್ರಹ ಸ್ವಲ್ಪ ವಾಲಿದರೂ ಮೋಡ ಸರಿದಂತೆ ಚಿತ್ರದಲ್ಲಿ ಕಾಣುತ್ತದೆ. ಹಾಗೆ ನೋಡಿದರೆ ಹಾಸನದವರ ಪಾಲೂ ಇದೆ.

ಸಮುದ್ರದ ಗಾಳಿ ಅಳೆಯೋ ಇಸ್ರೋ ಉಪಗ್ರಹ ಯಾವುದು? ಅದೂ ಇನ್ಸಾಟಾ?

ಅದು ಓಷನ್‌ಸ್ಯಾಟ್ ಸಾಲು. ಇನ್ಸಾಟ್ 36,000 ಕಿಲೋಮೀಟರ್ ಮೇಲೆ ಒಂದೇ ಕಡೆ ನಿಂತಂತೆ ಇರುತ್ತದೆ. ಓಷನ್‌ಸ್ಯಾಟ್ ಸುಮಾರು 720 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತದೆ. ಅದರಲ್ಲಿ ಸ್ಕ್ಯಾಟರೋಮೀಟರ್ ಎಂಬ ರಾಡಾರ್ ಇದೆ. ಒಂದು ಡಿಶ್ ಗಿರಗಿರನೆ ತಿರುಗುತ್ತಾ ಸಮುದ್ರದ ಮೇಲೆ ಅಗಲವಾದ ಪಟ್ಟಿ ಎಳೆಯುತ್ತಾ ಹೋಗುತ್ತದೆ. ಗಾಳಿ ಜೋರಾದಷ್ಟೂ ನೀರಿನ ಮೇಲೆ ಸೆಂಟಿಮೀಟರ್ ಗಾತ್ರದ ತೆರೆಗಳು ಜಾಸ್ತಿ, ವಾಪಸ್ ಬರುವ ರಾಡಾರ್ ಅಲೆಯೂ ಜಾಸ್ತಿ. ಅದರಿಂದ ಸಮುದ್ರದ ಮೇಲೆ 10 ಮೀಟರ್ ಎತ್ತರದ ಗಾಳಿ ಎಷ್ಟಿದ್ದೀತು ಎಂದು ಲೆಕ್ಕ ಹಾಕುತ್ತಾರೆ.

ಓಷನ್‌ಸ್ಯಾಟ್-2 ಹಾರಿದ್ದು 2009ರ ಸೆಪ್ಟೆಂಬರ್ 23ಕ್ಕೆ. ಅದು ಸಮಯಕ್ಕೆ ಸರಿಯಾಗಿ ಬಂತು. ಇಡೀ ಜಗತ್ತು ಆಗ ನೆಚ್ಚಿಕೊಂಡಿದ್ದ ನಾಸಾದ ಕ್ವಿಕ್‌ಸ್ಕ್ಯಾಟ್ 1999ರಲ್ಲಿ ಹಾರಿ, ಅಂದುಕೊಂಡಿದ್ದಕ್ಕಿಂತ ಎಷ್ಟೋ ವರ್ಷ ಜಾಸ್ತಿ ದುಡಿದು, 2009ರ ನವೆಂಬರಿನಲ್ಲಿ ಅದರ ಡಿಶ್ ತಿರುಗುವುದು ನಿಂತುಹೋಯಿತು. ಆ ಖಾಲಿ ಜಾಗದಲ್ಲಿ ನಮ್ಮ ಉಪಗ್ರಹದ ಅಳತೆ ಹೊರದೇಶದವರಿಗೂ ಉಪಯೋಗಕ್ಕೆ ಬಂತು. ಆಮೇಲೆ 2016ರಲ್ಲಿ ಸ್ಕ್ಯಾಟ್‌ಸ್ಯಾಟ್-1, 2022ರ ನವೆಂಬರ್ 26ಕ್ಕೆ ಓಷನ್‌ಸ್ಯಾಟ್-3. ರಾಕೆಟ್, ಚಂದ್ರಯಾನದ ಸುದ್ದಿಯ ನಡುವೆ ಈ ಉಪಗ್ರಹಗಳ ಬಗ್ಗೆ ಯಾರೂ ಮಾತೇ ಆಡುವುದಿಲ್ಲ. ಮಲ್ಪೆಯ ಬೋಟಿನವರಿಗೆ ಇವುಗಳಿಂದ ಆಗಿರುವ ಉಪಕಾರ ನನ್ನ ಪ್ರಕಾರ ಕಡಿಮೆಯದಲ್ಲ.

ತೆರೆ ನೋಡಿ ವೇಗ ಗೊತ್ತಾಗಬಹುದು. ಯಾವ ಕಡೆಯಿಂದ ಬೀಸ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ನೋಡಿದಾಗ ವಾಪಸ್ ಬರುವ ಅಲೆ ಜಾಸ್ತಿ, ಅಡ್ಡಲಾಗಿ ನೋಡಿದಾಗ ಕಡಿಮೆ. ಹಾಗಾಗಿ ಒಂದೇ ಜಾಗವನ್ನು ಬೇರೆ ಬೇರೆ ಕೋನದಿಂದ ನೋಡಬೇಕು. ತಿರುಗುವ ಡಿಶ್ ಮಾಡುವುದು ಅದನ್ನೇ. ಒಮ್ಮೆ ಮುಂದೆ ನೋಡುವಾಗ, ಸ್ವಲ್ಪ ಹೊತ್ತಿನ ನಂತರ ಹಿಂದೆ ನೋಡುವಾಗ ಅದೇ ಜಾಗ ಸಿಗುತ್ತದೆ. ಯುರೋಪಿನ ಮೆಟಾಪ್ ಉಪಗ್ರಹಗಳಲ್ಲಿರುವ ಆ್ಯಸ್ಕ್ಯಾಟ್ ಎಂಬ ಸ್ಕ್ಯಾಟರೋಮೀಟರಿನಲ್ಲಿ ತಿರುಗುವ ಡಿಶ್ ಇಲ್ಲ, ಎರಡೂ ಪಕ್ಕದಲ್ಲಿ ಮೂರು ಮೂರು ಆಂಟೆನಾ ಚಾಚಿಕೊಂಡಿವೆ.

ಇಷ್ಟಾದರೂ ಉತ್ತರ ಒಂದೇ ಬರುವುದಿಲ್ಲ. ಎರಡು, ಮೂರು, ಕೆಲವೊಮ್ಮೆ ನಾಲ್ಕು ದಿಕ್ಕುಗಳು ಲೆಕ್ಕಕ್ಕೆ ಹೊಂದುತ್ತವೆ. ಅಕ್ಕಪಕ್ಕದ ಗಾಳಿಯನ್ನೂ ಮಾದರಿಯ ಅಂದಾಜನ್ನೂ ನೋಡಿ ಒಂದನ್ನು ಆರಿಸುತ್ತಾರೆ. ಚಂಡಮಾರುತದ ನಡುವೆ ಗಾಳಿ ಗಕ್ಕನೆ ತಿರುಗುವ ಕಡೆ ಈ ಆಯ್ಕೆ ತಪ್ಪುವುದುಂಟು.

ಮಳೆ ಸುರೀತಿದ್ರೆ ರಾಡಾರ್ ಗಾಳಿ ಅಳೆಯೋದು ಹೇಗೆ?

ಕಷ್ಟಪಟ್ಟು. ಓಷನ್‌ಸ್ಯಾಟ್ ಬಳಸುವ ಅಲೆಯ ಉದ್ದ ಸುಮಾರು 2 ಸೆಂಟಿಮೀಟರ್. ದೊಡ್ಡ ಹನಿಗಳು ಅದನ್ನು ಚದುರಿಸುತ್ತವೆ, ಹೀರುತ್ತವೆ. ಹನಿ ಬಿದ್ದು ಸಮುದ್ರದ ಮೇಲೆ ಬೇರೆ ಬಗೆಯ ತೆರೆ ಏಳುತ್ತದೆ. ಜೋರು ಮಳೆಯ ಕಡೆಯ ಅಳತೆಗೆ ಎಚ್ಚರಿಕೆಯ ಗುರುತು ಹಾಕಿ ಕಳಿಸುತ್ತಾರೆ. ಆ್ಯಸ್ಕ್ಯಾಟ್‌ನ ಅಲೆ 5 ಸೆಂಟಿಮೀಟರಿಗೂ ಜಾಸ್ತಿ, ಮಳೆಯ ಕಾಟ ಕಡಿಮೆ. ಆದರೆ ಅದು ಎಳೆಯುವ ಪಟ್ಟಿ ಅಗಲ ಕಡಿಮೆ, ನಡುವೆ ಖಾಲಿ ಜಾಗ ಉಳಿಯುತ್ತದೆ. ಎರಡೂ ಬಗೆಯವು ಇದ್ದರೆ ಒಳ್ಳೆಯದು.

ಲೇಸರ್ ಬಿಟ್ಟು ಗಾಳಿ ಅಳೆದ ಉಪಗ್ರಹ ಇತ್ತಂತೆ. ಅದರ ಕತೆ ಏನು?

ಅದು ಏಯೋಲಸ್. ಯುರೋಪಿನ ಬಾಹ್ಯಾಕಾಶ ಸಂಸ್ಥೆಯದು. ಬರೀ ಮೋಡದ ತಲೆಯಲ್ಲಿ ಅಥವಾ ಸಮುದ್ರದ ಮೇಲ್ಮೈಯಲ್ಲಿ ಅಲ್ಲ, ನೆಲದಿಂದ ಸುಮಾರು 30 ಕಿಲೋಮೀಟರ್ ತನಕ ಪದರ ಪದರವಾಗಿ ಗಾಳಿಯ ವೇಗ ಹೇಳುವ ಮೊದಲ ಉಪಗ್ರಹ. ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ಹಾರಿದ್ದು 2018ರ ಆಗಸ್ಟ್ 22ಕ್ಕೆ. ನಡುವಿನ ವರ್ಷಗಳನ್ನು ತಿಂದದ್ದು ಆ ಲೇಸರ್.

ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಬೇಕಿತ್ತು, ಅದೂ ಸೆಕೆಂಡಿಗೆ ಸುಮಾರು 50 ಸಲ, ವರ್ಷಗಟ್ಟಲೆ. ನಿರ್ವಾತದಲ್ಲಿ ಪರೀಕ್ಷೆ ಮಾಡಿದಾಗ ಯಂತ್ರದ ಒಳಗಿನ ವಸ್ತುಗಳಿಂದ ಹೊರಬರುವ ಆವಿ ಗಾಜುಗಳ ಮೇಲೆ ಕೂತು, ಲೇಸರ್ ಬಿದ್ದು ಕಪ್ಪಾಗಿ, ಗಾಜೇ ಹಾಳಾಗುತ್ತಿತ್ತು. ಕೊನೆಗೆ ಸಿಕ್ಕ ಪರಿಹಾರ ಸರಳ. ಒಳಗೆ ಒಂಚೂರು ಆಮ್ಲಜನಕ ಹರಿಯಬಿಟ್ಟರು. ಕೊಳೆ ಕೂರುವ ಮೊದಲೇ ಸುಟ್ಟು ಹೋಗುತ್ತದೆ.

ಇನ್ನೊಂದು ತಮಾಷೆ. ಹಾರಿಸುವ ದಿನ ಆಗಸ್ಟ್ 21 ಎಂದು ಗೊತ್ತಾಗಿತ್ತು. ಮೇಲಿನ ಗಾಳಿ ಜೋರಾಗಿದೆ ಎಂದು ಒಂದು ದಿನ ಮುಂದೆ ಹಾಕಬೇಕಾಯಿತು!

ಮೂರು ವರ್ಷ ಬಾಳಲಿ ಎಂದು ಕಳಿಸಿದ್ದು ಅದಕ್ಕಿಂತ ಜಾಸ್ತಿ ದುಡಿಯಿತು. ಮೊದಲ ಲೇಸರಿನ ಶಕ್ತಿ ಕುಗ್ಗಿದಾಗ 2019ರಲ್ಲಿ ಎರಡನೆಯದಕ್ಕೆ ಬದಲಾಯಿಸಿದರು. 2023ರ ಏಪ್ರಿಲ್ ಕೊನೆಗೆ ಕೆಲಸ ನಿಲ್ಲಿಸಿ, ಅದೇ ಜುಲೈ 28ಕ್ಕೆ ಅಂಟಾರ್ಕ್ಟಿಕಾದ ಮೇಲೆ ವಾತಾವರಣಕ್ಕೆ ಇಳಿಸಿದರು. ಇಂಥ ಇಳಿಕೆಗೆಂದು ಕಟ್ಟಿದ ಉಪಗ್ರಹವೇ ಅಲ್ಲ ಅದು. ಆದರೂ ಉಳಿದ ಇಂಧನದಲ್ಲಿ ಜನವಸತಿ ಇಲ್ಲದ ಕಡೆಗೆ ದಾರಿ ಮಾಡಿಕೊಟ್ಟರು.

## ಅಳತೆಯಿಂದ ಮುನ್ಸೂಚನೆಗೆ

ಗಾಳಿ ಅಳತೆಯನ್ನ ಕಂಪ್ಯೂಟರಿಗೆ ಹಾಕಿದ ತಕ್ಷಣ ಮುನ್ಸೂಚನೆ ಸರಿಹೋಗುತ್ತಾ?

ಸುಮ್ನೆ ಹಾಕಿದರೆ ಕೆಟ್ಟೇ ಹೋಗುತ್ತದೆ. ಮುನ್ಸೂಚನೆ ಎಂದರೆ ಈಗಿನ ವಾತಾವರಣದ ಸ್ಥಿತಿಯಿಂದ ಶುರು ಮಾಡಿ, ಭೌತಶಾಸ್ತ್ರದ ಸಮೀಕರಣಗಳನ್ನು ಮುಂದಕ್ಕೆ ಓಡಿಸುವುದು. ಶುರುವಿನ ಸ್ಥಿತಿ ತಪ್ಪಿದ್ದರೆ ತಪ್ಪು ದಿನದಿಂದ ದಿನಕ್ಕೆ ಬೆಳೆಯುತ್ತದೆ. ಆ ಶುರುವಿನ ಸ್ಥಿತಿಯನ್ನು ತಿದ್ದುವುದಷ್ಟೇ ಉಪಗ್ರಹದ ಅಳತೆಯ ಕೆಲಸ.

ತಿದ್ದುವುದು ಹೀಗೆ. ಕೆಲವು ಗಂಟೆ ಹಿಂದಿನ ಮುನ್ಸೂಚನೆ ಈ ಹೊತ್ತಿಗೆ ಏನು ಹೇಳಿತ್ತು ಎಂಬುದು ಕೈಯಲ್ಲಿರುತ್ತದೆ. ಹೊಸ ಅಳತೆ ಇನ್ನೇನೋ ಹೇಳುತ್ತದೆ. ಮಾದರಿಯಲ್ಲಿ ಎಷ್ಟು ತಪ್ಪು ಇರಬಹುದು, ಅಳತೆಯಲ್ಲಿ ಎಷ್ಟು ತಪ್ಪು ಇರಬಹುದು ಎರಡನ್ನೂ ತೂಗಿ, ನಡುವಿನ ಒಂದು ಸ್ಥಿತಿಗೆ ಬರುತ್ತಾರೆ. ಮಾದರಿಯಿಂದ ತೀರಾ ದೂರ ಇರುವ ಅಳತೆಯನ್ನು ಅನುಮಾನದಿಂದ ಬದಿಗಿಡುತ್ತಾರೆ. ಹತ್ತಿರ ಹತ್ತಿರದ ಅಳತೆಗಳ ತಪ್ಪುಗಳೂ ಒಂದೇ ಥರ ಇರುವುದರಿಂದ ಎಷ್ಟೋ ಅಳತೆಗಳನ್ನು ಬೇಕೆಂದೇ ಬಿಡುತ್ತಾರೆ. ನಮ್ಮಲ್ಲಿ ಈ ಕೆಲಸ ನೋಯ್ಡಾದ ಮಧ್ಯಮ ಅವಧಿ ಮುನ್ಸೂಚನಾ ಕೇಂದ್ರ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮತ್ತು ಹವಾಮಾನ ಇಲಾಖೆ ಸೇರಿ ನಡೆಸುತ್ತವೆ.

ಒಂದು ಕಡೆಯ ಗಾಳಿ ತಿದ್ದಿದರೆ ಸುತ್ತಲಿನ ಒತ್ತಡ, ಉಷ್ಣತೆಯನ್ನೂ ಹೊಂದಿಸಬೇಕು. ಇಲ್ಲದಿದ್ದರೆ ಮಾದರಿ ಒಂದೆರಡು ಗಂಟೆಯಲ್ಲೇ ಆ ತಿದ್ದುಪಡಿಯನ್ನು ಅಲೆಗಳ ರೂಪದಲ್ಲಿ ಹೊರಗೆ ಚೆಲ್ಲಿಬಿಡುತ್ತದೆ.

ಒತ್ತಡ, ಉಷ್ಣತೆ ಗೊತ್ತಿದ್ರೆ ಗಾಳಿಯನ್ನ ಲೆಕ್ಕ ಹಾಕಬಹುದು ಅಂತ ಕಾಲೇಜಿನಲ್ಲಿ ಓದಿದ್ವಿ. ಮತ್ತೆ ಅಳೆಯೋದು ಯಾಕೆ?

ಯುರೋಪಿನಲ್ಲಿ ಕೂತು ಓದಿದರೆ ಆ ಪಾಠ ಬಹುಮಟ್ಟಿಗೆ ಸರಿ. ಭೂಮಿ ತಿರುಗುವುದರಿಂದ ಬರುವ ಕೊರಿಯಾಲಿಸ್ ಬಲವೂ ಒತ್ತಡದ ವ್ಯತ್ಯಾಸವೂ ಅಲ್ಲಿ ಒಂದಕ್ಕೊಂದು ಸಮ ನಿಲ್ಲುತ್ತವೆ. ಒತ್ತಡ ಗೊತ್ತಾದರೆ ಗಾಳಿಯ ದೊಡ್ಡ ಚಿತ್ರ ತಾನೇ ಸಿಗುತ್ತದೆ. ಆದರೆ ಈ ಬಲ ಸಮಭಾಜಕದಲ್ಲಿ ಸೊನ್ನೆ. ಮಂಗಳೂರಿನ ಅಕ್ಷಾಂಶದಲ್ಲಿ ಅದು ಲಂಡನ್ನಿನಲ್ಲಿ ಇರುವುದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ನಮ್ಮ ಕಡೆ ಒತ್ತಡದ ವ್ಯತ್ಯಾಸವೇ ಸಣ್ಣದು, ಅದನ್ನು ನೋಡಿ ಗಾಳಿ ಹೇಳಲು ಹೋದರೆ ಎಡವುತ್ತೇವೆ.

ಇಲ್ಲಿ ವಿಷಯ ಉಲ್ಟಾ. ಗಾಳಿಯನ್ನೇ ಅಳೆಯಬೇಕು, ಉಳಿದದ್ದು ಅದರ ಹಿಂದೆ ಬರುತ್ತದೆ. ಉಪಗ್ರಹಗಳು ಉಷ್ಣತೆ, ತೇವಾಂಶವನ್ನು ಹೇರಳವಾಗಿ ಅಳೆಯುತ್ತವೆ. ಗಾಳಿಯ ಅಳತೆ ಅದಕ್ಕೆ ಹೋಲಿಸಿದರೆ ತೀರಾ ಕಡಿಮೆ. ಈ ಕೊರತೆಯ ಪೆಟ್ಟು ಜಾಸ್ತಿ ಬೀಳುವುದು ನಮ್ಮಂಥ ಉಷ್ಣವಲಯದ ಮೇಲೆ. ಇಡೀ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ. ಗಾಳಿ ಅಳೆಯುವ ಉಪಗ್ರಹ ಕಟ್ಟಲು ಶ್ರೀಮಂತ ದೇಶಗಳಿಗಿಂತ ಮುಂಗಾರು ನಂಬಿದ ದೇಶಕ್ಕೆ ಕಾರಣ ಜಾಸ್ತಿ.

ನಿಜವಾಗಿ ಎಷ್ಟು ಸುಧಾರಿಸಿದೆ? ಸುಮ್ನೆ ಹೇಳ್ತಾರೋ, ಪರೀಕ್ಷೆ ಮಾಡಿದ್ದಾರೋ?

ಪರೀಕ್ಷೆ ಮಾಡುವ ರೀತಿ ನೇರವಾಗಿದೆ. ಒಂದೇ ಅವಧಿಯ ಮುನ್ಸೂಚನೆಯನ್ನು ಎರಡು ಸಲ ಓಡಿಸುತ್ತಾರೆ. ಒಂದರಲ್ಲಿ ಆ ಉಪಗ್ರಹದ ಅಳತೆ ಇರುತ್ತದೆ, ಇನ್ನೊಂದರಲ್ಲಿ ತೆಗೆದಿರುತ್ತಾರೆ. ತಿಂಗಳುಗಟ್ಟಲೆ ಹೀಗೆ ಓಡಿಸಿ, ಯಾವುದು ನಿಜಕ್ಕೆ ಹತ್ತಿರ ಎಂದು ಬಲೂನು ಮುಂತಾದ ಅಳತೆಗಳ ಎದುರು ತಾಳೆ ನೋಡುತ್ತಾರೆ.

ಏಯೋಲಸ್ ವಿಷಯದಲ್ಲಿ ಫಲ ಚೆನ್ನಾಗಿತ್ತು. ಯುರೋಪಿನ ಮಧ್ಯಮ ಅವಧಿ ಮುನ್ಸೂಚನಾ ಕೇಂದ್ರ 2020ರ ಜನವರಿ 9ರಿಂದ ಅದನ್ನು ದಿನನಿತ್ಯದ ಮುನ್ಸೂಚನೆಗೆ ಸೇರಿಸಿಕೊಂಡಿತು. ಬಳಸುವ ಒಟ್ಟು ಅಳತೆಗಳಲ್ಲಿ ಏಯೋಲಸ್ ಪಾಲು ನೂರಕ್ಕೆ ಒಂದೂ ಇರಲಿಲ್ಲ. ಆದರೂ ಉಷ್ಣವಲಯದ ಮೇಲಿನ ಗಾಳಿಯಲ್ಲಿ, ಧ್ರುವದ ಕಡೆಗಳಲ್ಲಿ ಸುಧಾರಣೆ ಎದ್ದು ಕಂಡಿತು. ಜರ್ಮನಿ, ಫ್ರಾನ್ಸ್, ಬ್ರಿಟನ್ ಹಿಂಬಾಲಿಸಿದವು. ನೋಯ್ಡಾದ ಕೇಂದ್ರವೂ ಬಳಸಿತು.

ಆದರೆ ಸುಧಾರಣೆ ಎಂದರೆ ನಾಳೆಯ ಮಳೆ ಕೂಗಿ ಹೇಳಿದಷ್ಟು ಖಚಿತ ಆಗುತ್ತದೆ ಎಂದಲ್ಲ. ಒಂದು ಉಪಗ್ರಹದಿಂದ ತಪ್ಪು ಶೇಕಡಾ ಒಂದೆರಡು ಕಡಿಮೆಯಾದರೂ ಈ ಕ್ಷೇತ್ರದಲ್ಲಿ ಅದು ದೊಡ್ಡ ಸುದ್ದಿ.

ಚಂಡಮಾರುತದ ದಾರಿ ಹೇಳೋದಕ್ಕೆ ಇದು ಹೇಗೆ ಸಹಾಯ ಮಾಡುತ್ತೆ?

ಎರಡು ಬೇರೆ ಕೆಲಸಗಳಿವೆ. ದಾರಿಯನ್ನು ತೀರ್ಮಾನಿಸುವುದು ಚಂಡಮಾರುತದ ಸುತ್ತ, ಕೆಳಗಿನಿಂದ ಮೇಲಿನ ತನಕ ಬೀಸುವ ದೊಡ್ಡ ಗಾಳಿ. ಅದನ್ನು ತಿಳಿಸುವುದು ಮೋಡದ ಚಲನೆಯ ಅಳತೆಗಳು. 2023ರ ಜೂನಿನಲ್ಲಿ ಬಿಪರ್‌ಜಾಯ್ ಅರಬ್ಬಿ ಸಮುದ್ರದಲ್ಲಿ ದಿನಗಟ್ಟಲೆ ನಿಧಾನವಾಗಿ ತೆವಳಿತು. ಸುತ್ತಲಿನ ಗಾಳಿ ದುರ್ಬಲವಾಗಿದ್ದಾಗ ಯಾವ ಕಡೆ ತಿರುಗುತ್ತದೆ ಎಂದು ಹೇಳುವುದು ಬಹಳ ಕಷ್ಟ. ಅದು ಕೊನೆಗೆ ಗುಜರಾತಿನ ಜಖಾವ್ ಹತ್ತಿರ ದಡ ಸೇರಿದ್ದು ಜೂನ್ 15ಕ್ಕೆ.

ಇನ್ನೊಂದು, ಈಗ ಎಷ್ಟು ಬಲವಾಗಿದೆ, ಗಾಳಿ ಎಷ್ಟು ದೂರ ಹರಡಿದೆ ಎಂಬುದು. ಇಲ್ಲಿ ಸ್ಕ್ಯಾಟರೋಮೀಟರ್ ಬೇಕು. ನಮ್ಮ ಇಲಾಖೆಯ ಲೆಕ್ಕದಲ್ಲಿ 17 ನಾಟ್ ದಾಟಿದರೆ ವಾಯುಭಾರ ಕುಸಿತ, 34 ನಾಟ್, ಅಂದರೆ ಗಂಟೆಗೆ ಸುಮಾರು 62 ಕಿಲೋಮೀಟರ್ ಮುಟ್ಟಿದರೆ ಚಂಡಮಾರುತ ಎಂಬ ಹೆಸರು. ಮೇಲಿನಿಂದ ನೋಡಿದರೆ ಮೋಡದ ಮುದ್ದೆಯಷ್ಟೇ ಕಾಣುವಾಗ, ಅದರ ಕೆಳಗೆ ಸಮುದ್ರದ ಮೇಲೆ ಗಾಳಿ ಸುತ್ತು ಹಾಕುತ್ತಿದೆಯೇ, ನಡು ಎಲ್ಲಿದೆ ಎಂದು ಹೇಳುವುದು ಇದೇ. 2021ರ ಮೇ ತಿಂಗಳ ತೌಕ್ತೆ ಕರ್ನಾಟಕದಲ್ಲಿ ದಡ ಸೇರಲಿಲ್ಲ, ಸಮುದ್ರದಲ್ಲೇ ಹಾದು ಗುಜರಾತಿಗೆ ಹೋಯಿತು. ಆದರೂ ಉಳ್ಳಾಲದಿಂದ ಕಾರವಾರದ ತನಕ ಕಡಲು ಉಕ್ಕಿತು. ನಕ್ಷೆಯ ಮೇಲಿನ ಒಂದು ಗೆರೆ ನೋಡಿ ನಮ್ಮೂರಿಗಿಲ್ಲ ಎಂದು ನಿಟ್ಟುಸಿರು ಬಿಡುವವರು ಗಾಳಿಯ ಅಗಲವನ್ನೂ ನೋಡಬೇಕು.

ತೀರಾ ಜೋರು ಗಾಳಿಯಲ್ಲಿ ಸ್ಕ್ಯಾಟರೋಮೀಟರ್ ಸೋಲುತ್ತದೆ. ಸಮುದ್ರವೆಲ್ಲ ನೊರೆಯಾದ ಮೇಲೆ ಗಾಳಿ ಇನ್ನೂ ಏರಿದರೂ ವಾಪಸ್ ಬರುವ ಅಲೆ ಅಷ್ಟಾಗಿ ಏರುವುದಿಲ್ಲ. ಅದಕ್ಕೆ ಬೇರೆ ಉಪಾಯಗಳಿವೆ. ಜಿಪಿಎಸ್ ಅಲೆ ಸಮುದ್ರಕ್ಕೆ ಬಡಿದು ಪುಟಿಯುವುದನ್ನು ಹಿಡಿಯುವ ನಾಸಾದ ಸಿಗ್ನಸ್ ಅವುಗಳಲ್ಲಿ ಒಂದು. 2016ರಲ್ಲಿ ಎಂಟು ಪುಟ್ಟ ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿದರು.

ಕೊರೊನಾ ಕಾಲದಲ್ಲಿ ವಿಮಾನ ನಿಂತಾಗ ಮುನ್ಸೂಚನೆಗೂ ಪೆಟ್ಟು ಬಿತ್ತಂತೆ, ಹೌದಾ?

ಪ್ರಯಾಣಿಕ ವಿಮಾನಗಳು ಹಾರುತ್ತಾ ಗಾಳಿ, ಉಷ್ಣತೆಯನ್ನು ವರದಿ ಮಾಡುತ್ತವೆ. 2020ರ ಮಾರ್ಚ್-ಏಪ್ರಿಲ್‌ನಲ್ಲಿ ವಿಮಾನಗಳು ನಿಂತಾಗ ಆ ಅಳತೆಗಳು ಧಡಕ್ಕನೆ ಕುಸಿದವು. ಏಯೋಲಸ್ ಅಳತೆ ಅದೇ ವರ್ಷ ಬಳಕೆಗೆ ಬಂದಿದ್ದು ಅದೃಷ್ಟ. ಪೂರ್ತಿ ಅಲ್ಲದಿದ್ದರೂ ಸ್ವಲ್ಪ ಮಟ್ಟಿಗೆ ಆ ಜಾಗ ತುಂಬಿತು.

## ಇನ್ನೂ ಆಳಕ್ಕೆ

ಉಪಗ್ರಹವೇ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡ್ತಿರುತ್ತೆ. ಅದರಲ್ಲಿ ಗಾಳಿಯ ಒಂದೆರಡು ಮೀಟರ್ ವೇಗ ಹೇಗೆ ಸಿಗುತ್ತೆ?

ಏಯೋಲಸ್ ಲೆಕ್ಕವನ್ನೇ ನೋಡಿ. ಲೇಸರಿನ ಅಲೆಯ ಉದ್ದ 355 ನ್ಯಾನೋಮೀಟರ್. ಗಾಳಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹತ್ತಿರ ಬಂದರೆ ಅದು ಬದಲಾಗುವುದು ಸುಮಾರು 15 ಕೋಟಿಯಲ್ಲಿ ಒಂದು ಭಾಗ. ಉಪಗ್ರಹದ ಸ್ವಂತ ಓಟ ಅದರ ಸಾವಿರಾರು ಪಟ್ಟು. ಹಾಗಾಗಿ ದೂರದರ್ಶಕವನ್ನು ಓಟದ ದಿಕ್ಕಿಗೆ ಅಡ್ಡಲಾಗಿ, ಕೆಳಕ್ಕೆ 35 ಡಿಗ್ರಿ ಓರೆಯಾಗಿ ಇಟ್ಟರು. ಆಗ ಸ್ವಂತ ಓಟ ಅಳತೆಯೊಳಗೆ ಬಹುತೇಕ ಸೇರುವುದಿಲ್ಲ. ಉಳಿದದ್ದನ್ನು ಮುಖ ಯಾವ ಕಡೆ ಇದೆ ಎಂಬ ಲೆಕ್ಕದಿಂದ ಕಳೆಯುತ್ತಾರೆ. ನೆಲದಿಂದ ವಾಪಸ್ ಬಂದ ಬೆಳಕೂ ನೆರವಾಗುತ್ತದೆ. ನೆಲದ ವೇಗ ಸೊನ್ನೆ ಅಲ್ವಾ?

ಇಷ್ಟು ಸೂಕ್ಷ್ಮವಾದರೆ ಏನೇನೋ ಕಾಟ. ಶುರುವಿನಲ್ಲಿ ಅಳತೆಗಳು ಜಾಗದಿಂದ ಜಾಗಕ್ಕೆ ವಿಚಿತ್ರವಾಗಿ ತಪ್ಪುತ್ತಿದ್ದವು. ಕಾರಣ ಒಂದೂವರೆ ಮೀಟರ್ ಅಗಲದ ಮುಖ್ಯ ಕನ್ನಡಿ. ಕೆಳಗೆ ಬಿಸಿ ಮರುಭೂಮಿ ಇದೆಯೋ ತಣ್ಣನೆ ಮೋಡ ಇದೆಯೋ ಎಂಬುದರ ಮೇಲೆ ಕನ್ನಡಿಯ ಉಷ್ಣತೆ ಒಂಚೂರು ಬದಲಾಗಿ ಆಕಾರ ಕೆಡುತ್ತಿತ್ತು. ಇದನ್ನು ಹಿಡಿದದ್ದು ಹೇಗೆ? ಅಳತೆಯನ್ನು ಯುರೋಪಿನ ಮಾದರಿಯ ಗಾಳಿಯ ಜೊತೆ ತಾಳೆ ನೋಡಿ. ಮಾದರಿಯನ್ನು ತಿದ್ದಲು ಹೋದ ಯಂತ್ರವನ್ನು ಮೊದಲು ಮಾದರಿಯೇ ತಿದ್ದಿತು. 2020ರ ಏಪ್ರಿಲ್‌ನಿಂದ ಆ ತಿದ್ದುಪಡಿ ಜಾರಿಗೆ ಬಂತು.

ಏಯೋಲಸ್ ಒಂದೇ ದಿಕ್ಕಿನ ಗಾಳಿ ಅಳೀತಿತ್ತಂತೆ. ಅರ್ಧ ಗಾಳಿ ತಗೊಂಡು ಏನು ಪ್ರಯೋಜನ?

ಅರ್ಧವಾದರೂ ಪ್ರಯೋಜನ ಇದೆ. ಅದು ನೋಡುವ ನೇರದ ವೇಗ ಮಾತ್ರ ಸಿಗುತ್ತಿತ್ತು, ಅಂದರೆ ಹೆಚ್ಚಾಗಿ ಪೂರ್ವ-ಪಶ್ಚಿಮದ್ದು. ಮಾದರಿಗೆ ಪೂರ್ತಿ ಗಾಳಿ ಕೊಡಲೇಬೇಕೆಂದಿಲ್ಲ. ಮಾದರಿಯೊಳಗಿನ ಗಾಳಿಯನ್ನು ಅದೇ ನೇರದಲ್ಲಿ ನೋಡಿದರೆ ಎಷ್ಟಿರಬೇಕು ಎಂದು ಲೆಕ್ಕ ಹಾಕಿ, ಅಳತೆಗೆ ಹೋಲಿಸಿದರೆ ಸಾಕು. ನಮ್ಮ ಕಡೆಯಂತೂ ಕೆಳಗಿನ ಪಶ್ಚಿಮದ ಗಾಳಿ, ಮೇಲಿನ ಪೂರ್ವದ ಗಾಳಿ ಎರಡೂ ಆ ನೇರಕ್ಕೇ ಬರುತ್ತವೆ.

ಮುಂಗಾರಿನಲ್ಲಿ ತೊಂದರೆ ಬೇರೆ ಇತ್ತು. ದಟ್ಟ ಮೋಡ ಬಂದರೆ ಲೇಸರ್ ಅದರ ತಲೆಯಲ್ಲೇ ನಿಲ್ಲುತ್ತದೆ, ಕೆಳಗಿನದ್ದು ಸಿಗುವುದಿಲ್ಲ.

ಈಗ ಎಐ ಮಾದರಿಗಳು ನಿಮಿಷದಲ್ಲಿ ಮುನ್ಸೂಚನೆ ಕೊಡ್ತಾವೆ. ಈ ಉಪಗ್ರಹ ಎಲ್ಲ ಯಾಕೆ ಬೇಕು?

ಗ್ರಾಫ್‌ಕಾಸ್ಟ್‌ನಂಥ ಮಾದರಿ ಕಲಿತದ್ದು ಎಲ್ಲಿಂದ? ದಶಕಗಳ ಅಳತೆಗಳನ್ನು ಸೇರಿಸಿ ಯುರೋಪಿನ ಕೇಂದ್ರ ಕಟ್ಟಿದ ಇಆರ್‌ಎ5 ಎಂಬ ದಾಖಲೆಯಿಂದ. ಅದರೊಳಗೆ ಉಪಗ್ರಹದ ಗಾಳಿಯೂ ಇದೆ. ಯುರೋಪಿನ ಕೇಂದ್ರ 2025ರ ಫೆಬ್ರವರಿಯಲ್ಲಿ ತನ್ನದೇ ಎಐ ಮಾದರಿಯನ್ನು ದಿನನಿತ್ಯದ ಕೆಲಸಕ್ಕೆ ಇಳಿಸಿತು. ಅದೂ ಹಳೆಯ ವಿಧಾನದಲ್ಲಿ ತಯಾರಾದ ಶುರುವಿನ ಸ್ಥಿತಿಯಿಂದಲೇ ಹೊರಡುತ್ತದೆ. ಲೆಕ್ಕ ಎಷ್ಟೇ ಚುರುಕಾಗಲಿ, ಅರಬ್ಬಿ ಸಮುದ್ರದಲ್ಲಿ ಈ ಹೊತ್ತು ಗಾಳಿ ಹೇಗಿದೆ ಎಂದು ಯಾರಾದರೂ ಹೇಳಲೇಬೇಕು.

ಇಷ್ಟೆಲ್ಲ ಇದ್ದೂ ನಮ್ಮ ಬಡಾವಣೆಯ ಮಳೆ ಯಾಕೆ ಸರಿಯಾಗಿ ಹೇಳಲ್ಲ?

ಬೆಂಗಳೂರಿನಲ್ಲಿ ಏಪ್ರಿಲ್ ಸಂಜೆಯ ಗುಡುಗು ಮೋಡ ಕೆಲವೇ ಕಿಲೋಮೀಟರ್ ಅಗಲ. ಒಂದೆರಡು ಗಂಟೆಯಲ್ಲಿ ಹುಟ್ಟಿ, ಸುರಿದು, ಮುಗಿಯುತ್ತದೆ. ಯಲಹಂಕದಲ್ಲಿ ರಸ್ತೆ ಹೊಳೆಯಾದರೆ ಜಯನಗರದಲ್ಲಿ ಧೂಳು. ಉಪಗ್ರಹದ ಗಾಳಿ ಅಳತೆ ಹತ್ತಾರು ಕಿಲೋಮೀಟರಿಗೊಂದು. 2025ರ ಮೇ ತಿಂಗಳಲ್ಲಿ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆಯ ಚೌಕವೂ 6 ಕಿಲೋಮೀಟರ್. ಇಂಥ ಮಳೆಗೆ ಕೆಲವು ಗಂಟೆಯ ಮುಂಚೆ ಡಾಪ್ಲರ್ ರಾಡಾರ್ ನೋಡುವುದೇ ಸರಿ. ಉಪಗ್ರಹದ ಗಾಳಿಯ ಲಾಭ ಕಾಣುವುದು ದೊಡ್ಡ ವಿಷಯಗಳಲ್ಲಿ. ಮುಂಗಾರು ಯಾವಾಗ ಬಿರುಸಾಗುತ್ತದೆ, ಕುಸಿತ ಎತ್ತ ಹೋಗುತ್ತದೆ, ಮುಂದಿನ ನಾಲ್ಕೈದು ದಿನ ಘಟ್ಟದಲ್ಲಿ ಮಳೆ ಏರುತ್ತದೋ ಇಳಿಯುತ್ತದೋ ಎಂಬಲ್ಲಿ.

ಏಯೋಲಸ್ ಹೋಯ್ತು. ಮುಂದೇನು?

ಯುರೋಪಿನ ಬಾಹ್ಯಾಕಾಶ ಸಂಸ್ಥೆಯೂ ಅಲ್ಲಿನ ಹವಾಮಾನ ಉಪಗ್ರಹ ಸಂಸ್ಥೆಯೂ ಸೇರಿ ಎರಡನೆಯ ಏಯೋಲಸ್ ತಯಾರಿ ನಡೆಸಿವೆ. 2030ರ ದಶಕದಲ್ಲಿ ಅದನ್ನು ಹಾರಿಸುವ ಯೋಜನೆ. ಮೊದಲನೆಯದು ಪ್ರಯೋಗ ಎಂದು ಹೋಗಿತ್ತು, ಇದು ದಿನನಿತ್ಯದ ಬಳಕೆಗೆಂದೇ. ಅಲ್ಲಿಯ ತನಕ ನಡುವಿನ ಪದರಗಳ ಗಾಳಿಗೆ ಬಲೂನು, ವಿಮಾನ, ಮೋಡದ ಚಲನೆ ಇವೇ ಗತಿ. ನೀರಾವಿಯನ್ನು ಪದರ ಪದರವಾಗಿ ಬಿಡಿಸಿ ನೋಡುವ ಹೊಸ ಬಗೆಯ ಯಂತ್ರಗಳಿಂದ ಗಾಳಿಯನ್ನೂ ಪದರ ಪದರವಾಗಿ ಎತ್ತುವ ಪ್ರಯತ್ನ ನಡೆದಿದೆ. ಅದು ಪಳಗಿದರೆ ಎತ್ತರದ ತಲೆನೋವು ಅಷ್ಟರಮಟ್ಟಿಗೆ ಇಳಿಯುತ್ತದೆ.